ಮಡಿವಾಳ ಹಕ್ಕಿಯ ಅಂಗಳ



ಕೋಗಿಲೆ, ಗಿಳಿ, ಹಂಸ, ಚಕೋರ ಇವು ನಮ್ಮ ಕಾವ್ಯಪರಂಪರೆ ಪಟ್ಟಗಟ್ಟಿದ ಹಕ್ಕಿಗಳು. ಇವುಗಳಲ್ಲಿ ಹಂಸ ಚಕೋರಗಳನ್ನು ನಮ್ಮ ಅಂಗಳದಲ್ಲಿ ಕಂಡವರಿಲ್ಲ. ಆದರೆ ಬೇಸಗೆ ಕಾಲಿಟ್ಟಿತೆಂದರೆ, ಕಟಪಾಡಿಯಂಥ ಕರಾವಳಿಯ ಊರುಗಳಲ್ಲಿ ಬೆಳಕು ಹರಿಯುವ ಮುನ್ನವೇ ಮಾವಿನ ತುದಿಗೊಂಬೆಯ ಮೇಲೆ ಕುಳಿತು ಆಲಾಪನೆಗೆ ತೊಡಗುವ ಹಕ್ಕಿಯೊಂದಿದೆ. ಕವಿಸಮಯದಲ್ಲಿ ಅದಕ್ಕೆ ಅಂಥ ಮನ್ನಣೆ ದೊರೆತಿಲ್ಲ. ಅದರ ಹೆಸರು ಮಡಿವಾಳ.

ಗಾತ್ರದಲ್ಲಿ ಇದು ಹೆಚ್ಚುಕಡಿಮೆ ಪಿಕಳಾರದಷ್ಟು. ಗಂಡಿನ ತಲೆ, ಎದೆ, ಬೆನ್ನು ಮಿರುಗುವ ಕಪ್ಪು. ಹೊಟ್ಟೆಯೂ ರೆಕ್ಕೆಯ ಪಟ್ಟೆಯೂ ಅಚ್ಚ ಬಿಳುಪು. ಹೆಣ್ಣಿನಲ್ಲಿ ಕಪ್ಪಿನ ಬದಲು ಬೂದುಬಣ್ಣ. ಒಗೆದು ಹರವಿದ ವಸ್ತ್ರದಂಥ ಆ ಬಿಳುಪನ್ನು ಕಂಡೇ ಜನ ಹೀಗೆ ಕರೆದಿರಬೇಕೆಂದು ಊಹಿಸಬಹುದು.

ಇದರ ಸೀಮೆ ವಿಶಾಲವಾದುದು. ಭಾರತ, ಶ್ರೀಲಂಕಾಗಳಿಂದ ಹಿಡಿದು ದಕ್ಷಿಣ ಚೀನಾ, ಇಂಡೊನೇಷ್ಯಾಗಳವರೆಗೆ ಇದು ವಾಸವಾಗಿದೆ. ಬಾಂಗ್ಲಾದೇಶಕ್ಕೆ ಇದೇ ರಾಷ್ಟ್ರಪಕ್ಷಿ. ಅಲ್ಲಿ ಇದರ ಹೆಸರು ದೋಯೆಲ್. ಇದರ ಬಂಧುವಾದ ಶಾಮ ಘಟ್ಟದ ಕಾಡನ್ನು ನೆಚ್ಚಿದರೆ, ಮಡಿವಾಳ ನೆಚ್ಚಿದ್ದು ಮನುಷ್ಯರ ಹಿತ್ತಿಲನ್ನು. ಮಳೆಗಾಲ ಕಳೆದ ಮೇಲೆ ಅದರ ಹಾಡು ಬಹುಮಟ್ಟಿಗೆ ನಿಲ್ಲುತ್ತದೆ. ಹಕ್ಕಿ ವಲಸೆ ಹೋಯಿತೆಂದು ತಿಳಿಯುವವರುಂಟು. ಅದು ಎಲ್ಲಿಗೂ ಹೋಗಿರುವುದಿಲ್ಲ. ಹಾಡು ಗೂಡುಕಟ್ಟುವ ಕಾಲದ್ದು. ಗಂಡು ಹಕ್ಕಿ ತನ್ನ ಎಲ್ಲೆಯನ್ನು ಹಾಡಿನಿಂದಲೇ ಸಾರುತ್ತದೆ.

ಆಹಾರದ ವಿಷಯಕ್ಕೆ ಬರೋಣ. ಮಿಡತೆ, ಇರುವೆ, ಜೀರುಂಡೆ, ಹುಳುಹುಪ್ಪಟೆಗಳೇ ಇದರ ಮುಖ್ಯ ಊಟ. ಒಮ್ಮೊಮ್ಮೆ ಸಣ್ಣ ಹಲ್ಲಿಯೂ ಆದೀತು. ಹಾಲಿವಾಣ, ಬೂರುಗಗಳು ಹೂಬಿಟ್ಟಾಗ ಮಕರಂದವನ್ನೂ ಹೀರುವುದುಂಟು. ಬೇಟೆ ಮಾತ್ರ ಬಹುಪಾಲು ನೆಲದ ಮೇಲೆಯೇ. ಬಾಲವನ್ನು ನಿಗುರಿಸಿಕೊಂಡು ಕುಪ್ಪಳಿಸುತ್ತ ತರಗೆಲೆಗಳ ನಡುವೆ ಅರಸುತ್ತದೆ. ಶಂಕರಪುರದ ಮಲ್ಲಿಗೆಯ ಹಿತ್ತಿಲು, ಮಟ್ಟುವಿನ ಗುಳ್ಳದ ಗದ್ದೆಯ ಅಂಚು, ತೆಂಗಿನ ಬುಡ ಇಂಥವೆಲ್ಲ ಅದಕ್ಕೆ ಒಪ್ಪುವ ತಾಣಗಳು. ಗೂಡಿಗೆ ಬೇಕಾದುದು ಹಳೆಯ ಮರದ ಪೊಟರೆ ಅಥವಾ ಗೋಡೆಯ ಬಿರುಕು. ಹೆಣ್ಣು ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆಯಿಟ್ಟು ತಾನೊಬ್ಬಳೇ ಕಾವು ಕೊಡುತ್ತದೆ.

ವಿಚಾರ ಮಾಡಬೇಕಾದುದು ಇಲ್ಲಿಯೇ. ಮಡಿಯ ಹೆಸರು ಹೊತ್ತ ಈ ಹಕ್ಕಿ ಬದುಕುವುದು ನಾವು ಕಸವೆನ್ನುವುದರ ಮೇಲೆ. ನಮ್ಮ ಹಿರಿಯರ ಅಂಗಳ ಸೆಗಣಿ ಸಾರಿಸಿ ಚೊಕ್ಕಟವಾಗಿರುತ್ತಿತ್ತು; ಅದರಾಚೆ ಬೇಲಿ, ತರಗೆಲೆ, ಮುರಕಲ್ಲಿನ ಪಾಗಾರದ ಸಂದುಗಳಿರುತ್ತಿದ್ದವು. ಇಂದು ಅಂಗಳದಿಂದ ಗೇಟಿನವರೆಗೆ ಸಿಮೆಂಟಿನ ಹಾಸು ಹಾಸಿ, ಒಣಮರ ಕಡಿದು, ಉಳಿದ ಗಿಡಗಳಿಗೆ ಕೀಟನಾಶಕ ಸಿಂಪಡಿಸುತ್ತೇವೆ. ಹುಳವಿಲ್ಲದ ನೆಲದಲ್ಲಿ ಹಾಡುವವನಿಗೆ ಊಟವೆಲ್ಲಿಯದು?

ಸಿಂಗಪುರದಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಈ ಹಕ್ಕಿ, ಪಂಜರಕ್ಕಾಗಿ ಹಿಡಿಯುವವರಿಂದಾಗಿ 1970ರ ದಶಕದ ಹೊತ್ತಿಗೆ ವಿರಳವಾಯಿತು. ಸಾಮಾನ್ಯವಾದುದು ಎಂದೆಂದಿಗೂ ಸಾಮಾನ್ಯವಾಗಿಯೇ ಉಳಿದೀತೆಂಬ ಭರವಸೆಯಿಲ್ಲ. ನಮ್ಮಲ್ಲಿ ಕಾಡುಹಕ್ಕಿಗಳನ್ನು ಹಿಡಿಯದಂತೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಯುತ್ತದೆ. ಆದರೆ ಹಿತ್ತಿಲಿನ ತರಗೆಲೆಯನ್ನು ಯಾವ ಕಾಯಿದೆಯೂ ಕಾಯಲಾರದು. ಅದು ಮನೆಯವರ ಕೈಯಲ್ಲಿದೆ. ಅಂಗಳವನ್ನು ಗುಡಿಸಿ; ಹಿತ್ತಿಲಿನ ಒಂದು ಮೂಲೆಯನ್ನು ಮಾತ್ರ ಗುಡಿಸದೆ ಬಿಡಿ. ಪೊಟರೆಯಿರುವ ಹಳೆಯ ಮರವೊಂದಿದ್ದರೆ ಅದನ್ನು ಉಳಿಸಿಕೊಳ್ಳಿ. ಮಡಿವಾಳ ನಮ್ಮಿಂದ ಕೇಳುವುದು ಇಷ್ಟನ್ನೇ.