ಕೋಟೆಯಿಂದ ಬಂದವರೋ, ಬರದಿಂದ ಬಂದವರೋ?

(ಚಳ್ಳಕೆರೆಯಲ್ಲಿ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ಸುದ್ದಿಗೆಂದು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗುವಾಗ ನಾನು ಜಗಲಿಯ ಮೇಲೆ ಕುಳಿತವರನ್ನು ಒಂದು ಪ್ರಶ್ನೆ ಕೇಳುವುದುಂಟು: ‘ನಿಮ್ಮ ಹಿರೀಕರು ಎಲ್ಲಿಯವರು?’ ಅನೇಕ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ‘ದುರ್ಗದ ಕೋಟೆ ಬಿದ್ದಾಗ ಬಂದವರು.’ ನಮ್ಮ ಮನೆಯಲ್ಲೂ ಇದೇ ಉತ್ತರ. ಇದರಲ್ಲಿ ನಿಜವೆಷ್ಟು, ಕತೆಯೆಷ್ಟು? ನಮ್ಮ ಮನೆಯ ಕತೆಯನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಬೇರೆಯವರ ಮನೆತನದ ಮೇಲೆ ಪರೀಕ್ಷೆ ಮಾಡಿದರೆ ಪೆಟ್ಟು ತಿನ್ನಬೇಕಾದೀತು!

ನನ್ನ ಅಜ್ಜ ಹೇಳುತ್ತಿದ್ದದ್ದು ಹೀಗೆ. ಅವರ ಅಜ್ಜನ ಅಪ್ಪ ಮದಕರಿ ನಾಯಕನ ಕೋಟೆಯಲ್ಲಿ ಕಾವಲುಗಾರ. ಹೈದರಾಲಿಯ ದಂಡು ಕೋಟೆ ಹೊಕ್ಕ ರಾತ್ರಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟ. ಕೈಯಲ್ಲಿ ಒಂದು ತಾಮ್ರದ ಬಿಂದಿಗೆ. ದಾರಿಯಲ್ಲಿ ಗೆಡ್ಡೆ ಗೆಣಸು ಅಗೆದು ತಿಂದರು. ಒಂದು ಕೂಸನ್ನು ದಾರಿಯಲ್ಲೇ ಮಣ್ಣು ಮಾಡಿದರು. ಕೊನೆಗೆ ಮೊಳಕಾಲ್ಮೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆ ನಿಂತರು. ಆ ಬಿಂದಿಗೆ ಈಗಲೂ ನಮ್ಮ ದೇವರ ಮನೆಯಲ್ಲಿದೆ.

ಕೇಳಲು ರೋಮಾಂಚನವಾಗುತ್ತದೆ. ಚರಿತ್ರೆಯೂ ಇದಕ್ಕೆ ಎದುರಾಡುವುದಿಲ್ಲ. ಹೈದರಾಲಿ ಚಿತ್ರದುರ್ಗವನ್ನು ಗೆದ್ದದ್ದು 1779ರಲ್ಲಿ. ಬೇಡರ ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣ ದ್ವೀಪಕ್ಕೆ ಸಾಗಿಸಿದನೆಂದು ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ಅಂಥ ಹೊತ್ತಿನಲ್ಲಿ ತಪ್ಪಿಸಿಕೊಂಡು ಹಳ್ಳಿ ಸೇರಿದವರು ಇದ್ದೇ ಇರಬೇಕು. ಆದರೆ ‘ಹಾಗೆ ಓಡಿದವರು ಇದ್ದರು’ ಎನ್ನುವುದು ಬೇರೆ, ‘ನಮ್ಮವರು ಹಾಗೆ ಓಡಿದವರು’ ಎನ್ನುವುದು ಬೇರೆ. ಮನೆತನದ ಚರಿತ್ರೆ ಬರೆಯುವವರು ಮೊದಲು ಎಡವುವುದು ಇಲ್ಲೇ. ನಾಡಿನ ದೊಡ್ಡ ಘಟನೆ ನಿಜವಾದ ಮಾತ್ರಕ್ಕೆ ನಮ್ಮ ಮನೆಯ ಕತೆ ನಿಜವಾಗುವುದಿಲ್ಲ.

ಹಾಗೆಂದು ಐತಿಹ್ಯವನ್ನು ತಳ್ಳಿಹಾಕಬೇಕೇ? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯನ್ನೇ ನೋಡಿ. ಊರವರು ಅದನ್ನು ‘ಅಕ್ಷರಗುಂಡು’ ಎನ್ನುತ್ತಿದ್ದರು. ಅದಕ್ಕೆ ರೋಗ ಗುಣಪಡಿಸುವ ಶಕ್ತಿಯಿದೆಯೆಂದು ನಂಬಿದ್ದರು. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬರಹಗಳನ್ನು ಬೆಳಕಿಗೆ ತಂದಾಗ ಅವು ಅಶೋಕನ ಶಾಸನಗಳೆಂದು ಲೋಕಕ್ಕೆ ತಿಳಿಯಿತು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಜಟಿಂಗ ರಾಮೇಶ್ವರದ ಬೆಟ್ಟ ಜಟಾಯು ಬಿದ್ದ ಜಾಗವೆಂದು ಜನ ಇಂದಿಗೂ ಹೇಳುತ್ತಾರೆ.

ಇಲ್ಲಿ ಗಮನಿಸಿ. ಬಂಡೆಯ ಮೇಲೆ ಏನು ಬರೆದಿದೆಯೆಂಬುದನ್ನು ಜನರ ನೆನಪು ಉಳಿಸಿಕೊಳ್ಳಲಿಲ್ಲ. ಆದರೆ ಇದು ಸಾಮಾನ್ಯ ಕಲ್ಲಲ್ಲ, ಅಕ್ಷರವಿರುವ ಕಲ್ಲು ಎಂಬುದನ್ನು ಉಳಿಸಿಕೊಂಡಿತು. ಮನೆಯ ಕತೆಗಳೂ ಹೀಗೆಯೇ. ಅವು ಇಸವಿಯನ್ನು ಮರೆಯುತ್ತವೆ, ಎಲ್ಲಿ ಅಗೆಯಬೇಕೆಂಬುದನ್ನು ತೋರಿಸುತ್ತವೆ.

ನಾನು ಅಜ್ಜನ ಕತೆಯನ್ನು ಅಗೆಯತೊಡಗಿದ್ದು ಬೆರಳೆಣಿಕೆಯಿಂದ. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿಯಿರಿ. ಅಜ್ಜ ಹುಟ್ಟಿದ್ದು 1940ರ ಸುಮಾರಿಗೆ. ಅವರ ಅಪ್ಪ 1912ರ ಆಸುಪಾಸು, ಅಜ್ಜ 1884ರ ಆಸುಪಾಸು, ಅಜ್ಜನ ಅಪ್ಪ 1855ರ ಆಸುಪಾಸು. ಐದು ಹತ್ತು ವರ್ಷ ಆಚೀಚೆಯಾದರೂ, 1779ರಲ್ಲಿ ಕೋಟೆ ಕಾಯುತ್ತಿದ್ದವನು ಅವನಾಗಲಾರ. ನಡುವೆ ಮೂರು ನಾಲ್ಕು ತಲೆಮಾರುಗಳೇ ಕಾಣೆಯಾಗಿವೆ. ಇದು ಯಾರೋ ಬೇಕೆಂದು ಹೇಳಿದ ಸುಳ್ಳಲ್ಲ. ಹೆಸರು ಮರೆತ ಕಡೆ ನೆನಪು ಎರಡು ತುದಿಗಳನ್ನು ಎಳೆದು ಗಂಟು ಹಾಕಿಬಿಡುತ್ತದೆ.

1855ರ ಸುಮಾರಿಗೆ ಹುಟ್ಟಿದವನು ಯಾವ ಕಷ್ಟ ಕಂಡಿರಬಹುದು? ನಮ್ಮ ಹಿರಿಯರು ‘ಧಾತು ಬರ’ ಎನ್ನುವ 1876-78ರ ಮಹಾಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈಗ ಅಜ್ಜನ ಕತೆಯನ್ನು ಮತ್ತೆ ಕೇಳಿ. ಗೆಡ್ಡೆ ಗೆಣಸು ಅಗೆದು ತಿಂದದ್ದು, ದಾರಿಯಲ್ಲಿ ಕೂಸನ್ನು ಮಣ್ಣು ಮಾಡಿದ್ದು. ಇದು ಕೋಟೆಯಿಂದ ಒಂದು ರಾತ್ರಿ ತಪ್ಪಿಸಿಕೊಂಡವರ ಕತೆಯೋ, ತಿಂಗಳುಗಟ್ಟಲೆ ಹಸಿದು ನಡೆದವರ ಕತೆಯೋ? ನಮ್ಮ ಊರಿನ ಹಿರಿಯಜ್ಜಿಯೊಬ್ಬರನ್ನು ಕೇಳಿದೆ. ‘ನಿಮ್ಮೋರು ಧಾತು ಬರದಾಗೆ ಬಂದೋರು ಅಂತಿದ್ರು ನಮ್ಮತ್ತೆ’ ಎಂದರು. ಎರಡು ಬಾಯಿಂದ ಬಂದ ಮಾತು, ಲೆಕ್ಕಕ್ಕೂ ಕೂಡುವ ಮಾತು. ಇಷ್ಟರಿಂದ ತೀರ್ಮಾನ ಆಗುವುದಿಲ್ಲ. ಹೆಚ್ಚು ಸಾಧ್ಯವಿರುವುದು ಯಾವುದು ಎಂದು ಮಾತ್ರ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1876-77 ಧಾತು, 1936-37 ಕೂಡ ಧಾತು, 1996-97 ಕೂಡ ಧಾತು. ಹಳೆಯ ಜಾತಕದಲ್ಲೋ ಪತ್ರದಲ್ಲೋ ಸಂವತ್ಸರದ ಹೆಸರಷ್ಟೇ ಇದ್ದು ಶಕ ವರ್ಷ ಇಲ್ಲದಿದ್ದರೆ ಅವಸರ ಮಾಡಬೇಡಿ.

ಹಾಗಾದರೆ ಕೋಟೆ, ಮದಕರಿ ನಾಯಕ, ಕಾವಲು ಇವೆಲ್ಲ ಕತೆಯೊಳಗೆ ಬಂದದ್ದು ಹೇಗೆ? ‘ಈ ಕತೆ ನಿಮಗೆ ಮೊದಲು ಹೇಳಿದ್ದು ಯಾರು?’ ಎಂದು ಅಜ್ಜನನ್ನು ಕೇಳಿದೆ. ಬರದ ಭಾಗ ತಮ್ಮ ಅಜ್ಜಿಯಿಂದ ಕೇಳಿದ್ದು, ಕೋಟೆಯ ಭಾಗ ಯಾರಿಂದ ಎಂದು ನೆನಪಿಲ್ಲ. ಆದರೆ ಅಜ್ಜ ವರ್ಣಿಸುವ ಒನಕೆ ಓಬವ್ವನ ನಿಲುವು, ಕಣ್ಣು, ಒನಕೆ ಎತ್ತುವ ರೀತಿ ಎಲ್ಲವೂ 1972ರ ‘ನಾಗರಹಾವು’ ಚಿತ್ರದ ಜಯಂತಿಯವರದೇ! ಆ ಚಿತ್ರಕ್ಕೂ, 1982ರ ‘ದುರ್ಗಾಸ್ತಮಾನ’ ಕಾದಂಬರಿಗೂ ಮೂಲ ತ.ರಾ.ಸು. ಅವರ ಲೇಖನಿ. ನಮ್ಮ ಸೀಮೆಯ ಜನ ದುರ್ಗದ ಇತಿಹಾಸವನ್ನು ಕಣ್ಣಾರೆ ಕಂಡಂತೆ ಹೇಳುವುದರಲ್ಲಿ ಅವರ ಪಾಲು ದೊಡ್ಡದು. ಕಾದಂಬರಿಕಾರರದು ತಪ್ಪಲ್ಲ. ಓದಿದ್ದನ್ನೂ ನೋಡಿದ್ದನ್ನೂ ಮನೆಯಲ್ಲಿ ಕೇಳಿದ್ದರ ಜೊತೆ ಬೆರೆಸಿಕೊಳ್ಳುವವರು ನಾವು.

ತ.ರಾ.ಸು. ಅವರ ಹೆಸರಿನಲ್ಲೇ ಇನ್ನೊಂದು ಪಾಠವಿದೆ. ಮೊದಲಿನ ‘ತ’ ಎಂದರೆ ಚಳ್ಳಕೆರೆ ತಾಲ್ಲೂಕಿನ ತಳುಕು. ಆದರೆ ಅವರು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಇನಿಷಿಯಲ್ ಹೇಳುವುದು ಮನೆತನದ ಊರನ್ನು, ಹುಟ್ಟಿದ ಊರನ್ನೇ ಅಲ್ಲ. ಮನೆದೇವರೂ ಹಾಗೆಯೇ. ದೂರದ ಊರಿನ ದೇವರು ಮನೆದೇವರಾಗಿದ್ದರೆ ಅದು ಮೂಲ ನೆಲೆಯ ಸುಳಿವಾಗಬಹುದು, ಸಾಕ್ಷಿಯಲ್ಲ. ಇನ್ನು ಊರ ಹೆಸರಿನಿಂದ ಚರಿತ್ರೆ ಹೊಸೆಯುವವರಿದ್ದಾರೆ. ಮೊಳಕಾಲ್ಮೂರು ಎಂದೊಡನೆ ಯಾರದೋ ಮೊಳಕಾಲು ಮುರಿಯುತ್ತಾರೆ. ಚಳ್ಳಕೆರೆಯವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಹೆಸರುಗಳು ಚಳ್ಳೆಹಣ್ಣು ತಿನ್ನಿಸುವುದರಲ್ಲಿ ಜಾಣವು.

ಬಾಯಿಮಾತು ಜಾರುತ್ತದೆ, ಕಾಗದ ಜಾರುವುದಿಲ್ಲ ಎಂದುಕೊಳ್ಳಬೇಡಿ. ಅಜ್ಜನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಅಜ್ಜ ಹುಟ್ಟಿದ್ದು ನವಣೆ ಕೊಯ್ಲಿನ ಕಾಲದಲ್ಲೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ದಿನ ಬರೆದುಕೊಂಡರು, ಅದೇ ಕಾಯಂ ಆಯಿತು. ಹಾಗಾಗಿ ಯಾವ ಕಾಗದವನ್ನು ನೋಡಿದರೂ ಇದನ್ನು ಯಾರು, ಯಾವಾಗ, ಏತಕ್ಕೆ ಬರೆದರು ಎಂದು ಕೇಳಿ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ನಂಬಬಹುದು. ಅದರಲ್ಲಿ ಬರೆದ ವಯಸ್ಸನ್ನು ನಂಬುವ ಮುನ್ನ ಯೋಚಿಸಿ.

ಮೊಳಕಾಲ್ಮೂರಿನವರಿಗೆ ಇನ್ನೊಂದು ತೊಡಕಿದೆ, ಗಡಿ. ಪಕ್ಕದ ರಾಯದುರ್ಗ 1953ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಹೆಣ್ಣು ಕೊಟ್ಟು ತಂದ ನೆಂಟರು ಮೂರು ಹರದಾರಿ ದೂರದಲ್ಲಿದ್ದರೂ ಅವರ ಹಳೆಯ ಕಾಗದಗಳು ಬೇರೆ ರಾಜ್ಯದ ಕಚೇರಿಯಲ್ಲಿವೆ, ಬೇರೆ ಲಿಪಿಯಲ್ಲಿವೆ.

ಆ ಬೇರೆ ಲಿಪಿಯೇ ನಮ್ಮ ಬಿಂದಿಗೆಯ ಗುಟ್ಟನ್ನು ಬಿಡಿಸಿತು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ತೆಲುಗು ಅಕ್ಷರಗಳು ಕಂಡವು. ನನಗೆ ಓದಲು ಬರಲಿಲ್ಲ. ಅಜ್ಜ ಕನ್ನಡಕ ಹಾಕಿಕೊಂಡು, ಬೆರಳಾಡಿಸಿ, ಒಂದೊಂದೇ ಅಕ್ಷರ ಕೂಡಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ನಮ್ಮಜ್ಜಿ ಹೆಸರು’ ಎಂದರು.

ರಾಯದುರ್ಗದ ಕಡೆಯಿಂದ ಬಂದ ಹೆಣ್ಣುಮಗಳು ಆಕೆ. ಮದುವೆಯಲ್ಲಿ ತವರಿನವರು ಹೆಸರು ಕೊರೆಸಿ ಕೊಟ್ಟ ಪಾತ್ರೆ ಅದು. ಕೋಟೆಯಿಂದ ಬಂದದ್ದಲ್ಲ. ಬರದ ಕತೆಯನ್ನು ಅಜ್ಜನಿಗೆ ಹೇಳಿ ಉಳಿಸಿದವಳೂ ಅವಳೇ. ಹೀಗಿದ್ದೂ ನಮ್ಮ ಮನೆಯ ವಂಶವೃಕ್ಷದಲ್ಲಿ ಅವಳ ಹೆಸರಿಲ್ಲ. ಇಲ್ಲದ ಕಾವಲುಗಾರನಿಗೆ ಜಾಗವಿತ್ತು, ಇದ್ದ ಹೆಂಗಸಿಗೆ ಇರಲಿಲ್ಲ.

ಇದು ಬರೀ ಭಾವನೆಯ ಮಾತಲ್ಲ. ವಂಶವೃಕ್ಷ ಪೌತಿ ಖಾತೆಗೆ, ಆಸ್ತಿ ಪಾಲಿಗೆ ಬೇಕಾಗುವ ಕಾಗದ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಕಾನೂನು ತಿದ್ದಿದವು. ವಂಶವೃಕ್ಷದಿಂದ ಹೆಸರು ಬಿಟ್ಟುಹೋದರೆ ಹಕ್ಕಿಗೂ ಅಡ್ಡಿ. ಐತಿಹ್ಯ ಸೇರಿಸುವ ಸುಳ್ಳಿಗಿಂತ ನಾವು ಬಿಟ್ಟುಬಿಡುವ ನಿಜವೇ ಕೆಲವೊಮ್ಮೆ ಹೆಚ್ಚು ಕೆಡುಕು ಮಾಡುತ್ತದೆ.

ಅಜ್ಜನಿಗೆ ಎಲ್ಲವನ್ನೂ ವಿವರಿಸಿದೆ. ‘ಏನವ್ವ, ಓದಿದ್ದಕ್ಕೆ ನಮ್ಮೋರನ್ನ ಕೋಟೆಯಿಂದ ಇಳಿಸಿಬಿಟ್ಟೆಯಲ್ಲ’ ಎಂದರು. ನಕ್ಕರೂ ದನಿಯಲ್ಲಿ ನೋವಿತ್ತು. ಕೋಟೆ ಕಾದವನ ವಂಶವೆಂದು ಎಂಬತ್ತು ವರ್ಷ ಹೇಳಿಕೊಂಡು ಬಂದವರಿಗೆ ಹಸಿದು ಬಂದವನ ವಂಶವೆಂದರೆ ಹೇಗಾಗಬೇಡ? ನಾನು ಹೇಳಿದೆ: ‘ಅಜ್ಜ, ಲಕ್ಷ ಲಕ್ಷ ಜನ ಸತ್ತ ಬರದಲ್ಲಿ ನಡೆದು ಬಂದು ಬದುಕಿದವರು ಕಾವಲುಗಾರನಿಗಿಂತ ಕಡಿಮೆಯೇ?’ ಅಜ್ಜ ಉತ್ತರ ಹೇಳಲಿಲ್ಲ.

ಮರುದಿನ ಅವರೇ ಕರೆದು ಹೊಸ ವಂಶವೃಕ್ಷ ಬರೆಸಿದರು. ಗೊತ್ತಿರುವ ಹೆಸರುಗಳು ನೀಲಿ ಶಾಯಿಯಲ್ಲಿ, ಊಹೆಯ ಇಸವಿಗಳು ಪೆನ್ಸಿಲಿನಲ್ಲಿ. ಕೋಟೆಯ ಕತೆಯನ್ನು ಅಳಿಸಲಿಲ್ಲ. ಬೇರೆ ಹಾಳೆಯಲ್ಲಿ ‘ಅಜ್ಜ ಹೇಳಿದ್ದು’ ಎಂದು ತಲೆಬರಹ ಕೊಟ್ಟು ಬರೆದಿಟ್ಟೆ. ನೀವೂ ಹೀಗೆ ಮಾಡಿ ಎಂದಷ್ಟೇ ನನ್ನ ವಿನಂತಿ. ಕತೆಗೆ ಒಂದು ಹಾಳೆ, ಸಂಗತಿಗೆ ಇನ್ನೊಂದು ಹಾಳೆ. ಎರಡನ್ನೂ ಒಂದೇ ಕಡತದಲ್ಲಿಡಿ, ಬೆರೆಸಬೇಡಿ. ನೀಲಿ ಶಾಯಿಯಲ್ಲಿ ಅಜ್ಜ ಮೊದಲು ಬರೆಸಿದ ಹೆಸರು ತಮ್ಮ ಅಜ್ಜಿಯದು.