ಕಚ್ಚುವ ಕಾಲ್ಮರಿ

ಪುಣೆಯ ಯೆರವಡಾ ಎಂದರೆ ಸೆರೆಮನೆ, 1932ರ ಸೆಪ್ಟೆಂಬರಿನ ಗಾಂಧೀಜಿಯ ಉಪವಾಸ, ದಲಿತರ ಪ್ರಾತಿನಿಧ್ಯದ ಬಗ್ಗೆ ಅಂಬೇಡ್ಕರರೊಡನೆ ಆದ ಒಪ್ಪಂದ. ಅಲ್ಲಿ ಚರ್ಚೆಯಾದದ್ದು ತೊಗಲು ಹದಮಾಡುವ ಕೈಗಳ ಹಕ್ಕೂ ಹೌದು. ಸ್ವತಃ ಗಾಂಧೀಜಿಗೂ ತೊಗಲಿನ ಮೆಟ್ಟು ಹೊಲಿಯಲು ಬರುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಗೆಳೆಯ ಕಾಲೆನ್‌ಬಾಖ್ ಕಲಿಸಿದ ವಿದ್ಯೆ. ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೇ ಒಂದು ಜೊತೆ ಕೊಟ್ಟು 1914ರಲ್ಲಿ ಅಲ್ಲಿಂದ ಹೊರಟರು. ಸ್ಮಟ್ಸ್ ಅದನ್ನು ಹಲವು ಬೇಸಿಗೆ ಮೆಟ್ಟಿ, 1939ರಲ್ಲಿ ಮರಳಿಸಿದರು.

ಮೆಟ್ಟಿದರು ಎಂದರೆ ಕಚ್ಚಿಸಿಕೊಂಡೂ ಇರಬೇಕು! ಕೈಹೊಲಿಗೆಯ ತೊಗಲು ಮೊದಲು ಕಚ್ಚುತ್ತದೆ. ಪುಣೆಯಲ್ಲಿ ಕೊಲ್ಹಾಪುರಿ ಎಂದು ಕೊಳ್ಳುವ ಚಪ್ಪಲಿ ಎಷ್ಟೋ ಸಲ ನಮ್ಮ ಅಥಣಿ, ನಿಪ್ಪಾಣಿ ಕಡೆಯದು. ಕೊಲ್ಹಾಪುರಿಗೆ ಸಿಕ್ಕ 2019ರ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಈ ತೊಗಲಿಗೆ ಅವಸರ ಆಗದು. ಉಂಗುಟದ ಪಟ್ಟಿಗೆ ಎಣ್ಣೆ ಸವರಿ, ದಿನಕ್ಕಿಷ್ಟು ಹೊತ್ತು ಮನೆಯೊಳಗೇ ಮೆಟ್ಟಿ ತಿರುಗಬೇಕು. ಹೊಸ ಜೋಡಿನಲ್ಲೇ ಮದುವೆಗೆ ಹೋಗಿ, ಗುಳ್ಳೆ ಎಬ್ಬಿಸಿಕೊಂಡು ಬರಿಗಾಲಲ್ಲಿ ಮರಳಿದವನು ನಾನು. ಮಳೆಯಲ್ಲಂತೂ ಬೇಡವೇ ಬೇಡ.

ಮುಂದಿನ ಸಲ ಚೌಕಾಸಿಗೆ ಇಳಿಯುವ ಮುನ್ನ, ಅಟ್ಟೆ ತಿರುಗಿಸಿ ಹೊಲಿಗೆಯನ್ನೊಮ್ಮೆ ನೋಡಿ.