ಮೇಲು, ಕೀಳು ಅನ್ನೋ ಮಾತು ಯಾರದು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಜರ್ಮನಿಯ ತತ್ವಜ್ಞಾನಿ ನೀತ್ಸೆ ಬಗ್ಗೆ ಮಾತಾಡ್ತೀನಿ ಅಂದಾಗ ನಮ್ಮ ಹುಡುಗರೇ ನಕ್ಕರು. 'ಅಂವಗೂ ನಮಗೂ ಏನ್ ಸಂಬಂಧಲೇ?' ಅಂದರು. ಸಂಬಂಧ ಐತ್ರಿ. ಅವನು ನಮ್ಮ ಬಗ್ಗೆ ಬರೆದಿದ್ದಾನೆ. ಚಂಡಾಲ ಅನ್ನೋ ಶಬ್ದವನ್ನೇ ಇಟ್ಟು ಬರೆದಿದ್ದಾನೆ. ಬಾಬಾಸಾಹೇಬರು ಅದನ್ನ ಓದಿದ್ದರು, ಓದಿ ತಮ್ಮ ತೀರ್ಪನ್ನೂ ಕೊಟ್ಟಿದ್ದಾರೆ. ಹಂಗಾದರ ನಾವು ಓದಬಾರದೇನು?

ಮೊದಲು ಆಸಾಮಿ ಯಾರು ಅಂತ ಹೇಳಿಬಿಡ್ತೀನಿ. ಫ್ರೆಡ್ರಿಕ್ ನೀತ್ಸೆ ಹುಟ್ಟಿದ್ದು 1844ರಲ್ಲಿ. ತಂದೆ ಚರ್ಚಿನ ಪಾದ್ರಿ. ಇಪ್ಪತ್ನಾಲ್ಕನೇ ವಯಸ್ಸಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪ್ರೊಫೆಸರ್ ಆದ. ಹತ್ತು ವರ್ಷಕ್ಕೆ ಆರೋಗ್ಯ ಕೆಟ್ಟು ನೌಕರಿ ಬಿಟ್ಟ. 1889ರಲ್ಲಿ ಬುದ್ಧಿ ಸ್ಥಿಮಿತ ತಪ್ಪಿತು, 1900ರಲ್ಲಿ ತೀರಿಕೊಂಡ. ದೇವರು ಸತ್ತ ಅಂತ ಬರೆದವನು ಇವನೇ. ಆ ಮಾತು ಎಲ್ಲರಿಗೂ ಗೊತ್ತು, ಅದನ್ನ ಇಲ್ಲಿಗೇ ಬಿಡೋಣ.

ನನಗೆ ಮುಖ್ಯ ಅನಿಸೋದು 1887ರಲ್ಲಿ ಬಂದ ಅವನ ಪುಸ್ತಕ. ನೀತಿಯ ವಂಶಾವಳಿ ಅಂತ ಅದರ ಹೆಸರಿಗೆ ಅರ್ಥ ಹೇಳಬಹುದು. ಮನೆತನಕ್ಕೆ ವಂಶಾವಳಿ ಇರೋ ಹಂಗೇ ಒಳ್ಳೇದು, ಕೆಟ್ಟದ್ದು ಅನ್ನೋ ಮಾತಿಗೂ ವಂಶಾವಳಿ ಇದೆ ಅಂತಾನೆ. ಅದು ಆಕಾಶದಿಂದ ಬಿದ್ದದ್ದಲ್ಲ, ಯಾರೋ ಹುಟ್ಟಿಸಿದ್ದು. ಜರ್ಮನ್ ಭಾಷೆಯಲ್ಲಿ ಕೆಟ್ಟದ್ದು ಅನ್ನೋದಕ್ಕೆ 'ಶ್ಲೆಖ್ಟ್' ಅಂತಾರೆ. 'ಶ್ಲಿಖ್ಟ್' ಅಂದರೆ ಸಾದಾ, ಸರಳ. ಎರಡಕ್ಕೂ ಬೇರು ಒಂದೇ. ಮೊದಲು ಆ ಶಬ್ದಕ್ಕೆ ಸಾದಾ ಮನುಷ್ಯ ಅಂತ ಅಷ್ಟೇ ಅರ್ಥ ಇತ್ತು. ಆಳೋರ ಬಾಯಿಗೆ ಬಿದ್ದು ಅದು ಕೆಟ್ಟದ್ದು ಅಂತ ಆಯಿತು ಅನ್ನೋದು ನೀತ್ಸೆಯ ವಾದ.

ಇದನ್ನ ಓದಿದಾಗ ನಮ್ಮ ಭಾಷೆಯನ್ನೇ ಒಮ್ಮೆ ತಿರುಗಿಸಿ ನೋಡಬೇಕು ಅನಿಸಿತು. ಮೇಲು ಅಂದರೆ ಮೊದಲಿಗೆ ಮೇಲಿನ ಜಾಗ, ಕೀಳು ಅಂದರೆ ಕೆಳಗಿನ ಜಾಗ. ಈಗ? ಕೀಳು ಬುದ್ಧಿ, ಕೀಳು ಮಾತು. ನೀಚ ಅನ್ನೋ ಸಂಸ್ಕೃತ ಶಬ್ದಕ್ಕೂ ಕೆಳಗಿರೋದು ಅಂತಲೇ ಮೂಲ ಅರ್ಥ. ಉತ್ತಮ ಅಂದರೆ ಎಲ್ಲಕ್ಕಿಂತ ಮೇಲಿನದು, ಅಧಮ ಅಂದರೆ ಎಲ್ಲಕ್ಕಿಂತ ಕೆಳಗಿನದು. ಒಳ್ಳೇ ಮನೆತನದಲ್ಲಿ ಹುಟ್ಟಿದವನು ಕುಲೀನ, ಅಷ್ಟಕ್ಕೇ ಅವನು ಸಭ್ಯಸ್ಥ. ಯಾರನ್ನ ಎಲ್ಲಿ ಕೂಡಿಸಿದರೋ ಆ ಜಾಗವೇ ಅವರ ಗುಣ ಆಗಿಬಿಟ್ಟಿತು ನೋಡ್ರಿ. ನಮ್ಮ ಅಜ್ಜಂದಿರ ಬಗ್ಗೆ ಊರವರು 'ಭಾಳ ಒಳ್ಳೇ ಮನಿಶ್ಯಾ' ಅಂತಿದ್ದರು. ಯಾಕೆ ಒಳ್ಳೆಯವ? ಎದುರು ಮಾತಾಡಲಿಲ್ಲ, ಕೂಲಿ ಹೆಚ್ಚು ಕೇಳಲಿಲ್ಲ, ಹೊಸ್ತಿಲು ದಾಟಲಿಲ್ಲ. ಆ ಒಳ್ಳೆಯತನದ ಲಾಭ ಯಾರಿಗೆ ಹೋಯಿತು ಅಂತ ಕೇಳೋ ಧೈರ್ಯವನ್ನ ನೀತ್ಸೆ ಕೊಡ್ತಾನೆ. ಇಷ್ಟಕ್ಕೆ ಅವನಿಗೆ ಶರಣು.

ಮುಂದಿನದಕ್ಕೆ ಶರಣು ಇಲ್ಲ. ನೀತ್ಸೆ ಪ್ರಕಾರ ನೀತಿ ಎರಡು ತರಹ. ಒಂದು ಒಡೆಯರದು, ಇನ್ನೊಂದು ಗುಲಾಮರದು. ಒಡೆಯ ತನ್ನ ಬಲವನ್ನೇ ಒಳ್ಳೇದು ಅಂತಾನೆ. ಗುಲಾಮನಿಗೆ ಬಲ ಇಲ್ಲ, ಅದಕ್ಕೇ ಒಳಗೊಳಗೇ ಕುದಿತಾನೆ. ಆ ಹೊಟ್ಟೆಕಿಚ್ಚಿನಿಂದ ದಯೆ, ಸಮಾನತೆ, ನ್ಯಾಯ ಅನ್ನೋ ಮಾತು ಹುಟ್ಟಿಸ್ತಾನೆ ಅಂತ ಅವನ ಲೆಕ್ಕ. 1888ರಲ್ಲಿ ಅವನ ಕೈಗೆ ಮನುಸ್ಮೃತಿಯ ಒಂದು ಫ್ರೆಂಚ್ ಅನುವಾದ ಸಿಕ್ಕಿತು. ಅನುವಾದ ಮಾಡಿದವನು ಲೂಯಿ ಜಾಕೋಲಿಯೊ, ಭಾರತದ ಫ್ರೆಂಚ್ ವಸಾಹತಿನಲ್ಲಿ ನ್ಯಾಯಾಧೀಶನಾಗಿದ್ದವನು. ಬೇರೆ ಮನುಸ್ಮೃತಿಗಳಲ್ಲಿ ಇಲ್ಲದ್ದೂ ಆ ಅನುವಾದದಲ್ಲಿ ಸೇರಿಕೊಂಡಿದೆ. ನೀತ್ಸೆ ಅದನ್ನೇ ನಂಬಿದ. ಚಂಡಾಲರಿಗೆ ಹೆಣದ ಬಟ್ಟೆ, ಒಡೆದ ಮಡಿಕೆ, ಕಬ್ಬಿಣದ ಆಭರಣ ಅನ್ನೋ ನಿಯಮಗಳನ್ನ ಅವನು ಬರೆದು ತೋರಿಸ್ತಾನೆ. ಇದು ನಮ್ಮ ಮನಸ್ಸಿಗೆ ಒಗ್ಗೋದಲ್ಲ ಅಂತ ಒಪ್ಪಿಕೊಳ್ತಾನೆ ಕೂಡ. ಆದರೆ ಅದೇ ವರ್ಷ ಬರೆದ 'ಆಂಟಿಕ್ರೈಸ್ಟ್' ಪುಸ್ತಕದಲ್ಲಿ ಮನುವನ್ನ ಬೈಬಲ್‌ಗಿಂತ ಎತ್ತರದಲ್ಲಿ ಕೂಡಿಸ್ತಾನೆ. ನೀತಿಯ ವಂಶಾವಳಿ ಹುಡುಕಿದವನು ಮನುವಿನ ವಂಶಾವಳಿ ಕೇಳಲೇ ಇಲ್ಲ! ಯಾರು ಬರೆದರು, ಯಾರ ಲಾಭಕ್ಕೆ ಬರೆದರು ಅನ್ನೋ ತನ್ನದೇ ಪ್ರಶ್ನೆಯನ್ನ ಅಲ್ಲಿ ಮರೆತುಬಿಟ್ಟ.

ಆ ಪ್ರಶ್ನೆ ಕೇಳಿದವರು ಬಾಬಾಸಾಹೇಬರು. 'ಹಿಂದೂ ಧರ್ಮದ ತತ್ವಜ್ಞಾನ' ಅನ್ನೋ ಅವರ ಬರಹ 1987ರಲ್ಲಿ, ಮಹಾರಾಷ್ಟ್ರ ಸರ್ಕಾರ ತಂದ ಸಂಪುಟಗಳ ಮೂರನೇ ಭಾಗದಲ್ಲಿ ಅಚ್ಚಾಯಿತು. ಅದರಲ್ಲಿ ನೀತ್ಸೆಯನ್ನೂ ಮನುವನ್ನೂ ಎದುರುಬದುರು ನಿಲ್ಲಿಸ್ತಾರೆ. ಇಬ್ಬರೂ ಅತಿಮಾನವರ ಪರ, ಸಾಮಾನ್ಯರ ಪರ ಅಲ್ಲ ಅಂತಾರೆ. ಆದರೆ ನೀತ್ಸೆಗೆ ಅನ್ಯಾಯ ಮಾಡೋದಿಲ್ಲ. ಅವನ ಅತಿಮಾನವ ಯೋಗ್ಯತೆಯಿಂದ ದೊಡ್ಡವನು, ಮನುವಿನ ಅತಿಮಾನವ ಹುಟ್ಟಿನಿಂದ ದೊಡ್ಡವನು. ನೀತ್ಸೆ ಸ್ವಾರ್ಥ ಇಲ್ಲದೆ ವಿಚಾರ ಮಾಡಿದವನು, ಮನು ಒಂದು ವರ್ಗದ ಹಿತಕ್ಕೆ ದುಡಿದವನು. ಹಂಗಾಗಿ ಮನುವಿಗೆ ಹೋಲಿಸಿದರೆ ನೀತ್ಸೆಯೇ ವಾಸಿ ಅಂತ ಅವರ ತೀರ್ಪು. ನಮ್ಮನ್ನ ಹೀನ ಮಾಡಿದ ಗ್ರಂಥವನ್ನ ಹೊಗಳಿದವನ ಬಗ್ಗೆ ಇಷ್ಟು ಶಾಂತವಾಗಿ ಬರೀಬೇಕಾದರೆ ಎಂಥ ಮನಸ್ಸು ಬೇಕು, ವಿಚಾರ ಮಾಡ್ರಿ.

ಇನ್ನು ಆ ಹೊಟ್ಟೆಕಿಚ್ಚಿನ ಮಾತು. ಇದನ್ನ ನೀತ್ಸೆ ಒಬ್ಬನೇ ಹೇಳಿದ್ದಲ್ಲ, ಇವತ್ತಿಗೂ ನಮ್ಮ ಕಿವಿಗೆ ಬೀಳ್ತದ. 'ನಿಮ್ಮ ಹುಡುಗರಿಗೆ ಬರೀ ಸಿಟ್ಟು, ಬರೀ ದ್ವೇಷ' ಅಂತಾರೆ. ಉತ್ತರಕ್ಕೆ ಮಹಾಡ್ ನೋಡ್ರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರೂ ಸಾವಿರಾರು ಜನರೂ ಚವದಾರ್ ಕೆರೆಯ ನೀರು ಕುಡಿದರು. ಇಷ್ಟು ದಿನ ಈ ನೀರು ಕುಡಿಯದೆ ನಾವೇನು ಸತ್ತಿಲ್ಲ, ನಾವೂ ಮನುಷ್ಯರು ಅಂತ ಸ್ಥಾಪಿಸೋದಕ್ಕೆ ಬಂದೇವಿ ಅನ್ನೋದು ಅವರ ನಿಲುವು. ಕೆರೆ ನಮಗಷ್ಟೇ ಇರಲಿ, ಅವರಿಗೆ ಬೇಡ ಅಂತ ಯಾರೂ ಅನ್ನಲಿಲ್ಲ. ಹೊಟ್ಟೆಕಿಚ್ಚು ಹಿಂಗಿರ್ತದೇನು? ಅದೇ ವರ್ಷ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿ ಸುಟ್ಟರು. ಸುಡಬೇಕು ಅನ್ನೋ ಠರಾವು ಮಂಡಿಸಿದವರು ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಹುಟ್ಟು ನೋಡಿ ದ್ವೇಷ ಮಾಡೋ ಚಳವಳಿ ಆಗಿದ್ದರೆ ಅವರಿಗೆ ಅಲ್ಲಿ ಜಾಗ ಇರ್ತಿತ್ತೇ?

ತಾಯಂದಿರು ಇದನ್ನ ಕೇಳಬೇಕು. ಅದೇ ಡಿಸೆಂಬರ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳ ಜೊತೆ ಬೇರೆಯಾಗಿ ಮಾತಾಡಿದರು. ನಿಮ್ಮ ಜಾತಿಯ ಗುರುತು ಹೇಳೋ ದಪ್ಪ ದಪ್ಪ ಆಭರಣ ಬಿಡ್ರಿ, ಸೀರೆಯನ್ನ ಮೇಲಿನವರು ಉಡೋ ಹಂಗೇ ಉಡ್ರಿ ಅಂದರು. ಮನು ಕಬ್ಬಿಣದ ಆಭರಣ ಹಾಕಿಸಿದ, ಇವರು ಬಿಚ್ಚಿಸಿದರು. ಹಳೇ ಬೆಲೆಗಳನ್ನ ಮುರಿದು ಹೊಸ ಬೆಲೆ ಕಟ್ಟೋನೇ ನಿಜವಾದ ಬಲಶಾಲಿ ಅಂತ ನೀತ್ಸೆ ಪುಸ್ತಕದ ಮೇಲೆ ಪುಸ್ತಕ ಬರೆದ. ನಮ್ಮ ಮುತ್ತಜ್ಜಿಯರ ಕಾಲದ ಹೆಂಗಸರು ಸೀರೆ ಉಡೋ ರೀತಿ ಬದಲು ಮಾಡಿ ಅದನ್ನ ಮಾಡಿ ತೋರಿಸಿದರು. ಓದು ಬರಹ ಬಾರದವರೇ ಹೆಚ್ಚು.

ಸ್ವಾತಂತ್ರ್ಯದ ಬಗ್ಗೆ ಅವನದೊಂದು ಮಾತು ನನಗೆ ಬಹಳ ಹಿಡಿಸಿದೆ. ಮನಸ್ಸಿಗೆ ಬಂದಂಗ ನಡೆಯೋದು ಸ್ವಾತಂತ್ರ್ಯ ಅಲ್ಲ. ಮಾತು ಕೊಟ್ಟು ಅದನ್ನ ಉಳಿಸಿಕೊಳ್ಳೋ ತಾಕತ್ತು ಯಾರಿಗಿದೆಯೋ ಅವನೇ ತನಗೆ ತಾನು ಒಡೆಯ. ಅಂಥವರು ಲಕ್ಷಕ್ಕೊಬ್ಬರು ಅನ್ನೋ ಹಂಗೆ ಅವನ ಧಾಟಿ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದ ಬಯಲಿನಲ್ಲಿ ಲಕ್ಷಾಂತರ ಜನ ಒಟ್ಟಿಗೆ ನಿಂತು 22 ಪ್ರತಿಜ್ಞೆ ಮಾಡಿದರು. ಯಾರ ಮಾತಿಗೆ ಊರ ಪಂಚಾಯಿತಿಯಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲವೋ ಆ ಜನ ತಾವೇ ತಮಗೆ ಮಾತು ಕೊಟ್ಟುಕೊಂಡರು. ಎಲ್ಲ ಮನುಷ್ಯರೂ ಸಮಾನರು ಅಂತ ನಂಬ್ತೀನಿ ಅನ್ನೋದು ಅದರಲ್ಲಿ ಒಂದು. ಸುಳ್ಳು ಹೇಳೋದಿಲ್ಲ, ಸೆರೆ ಕುಡಿಯೋದಿಲ್ಲ ಅನ್ನೋವೂ ಅದರೊಳಗೇ ಬರ್ತಾವ. ಸೆರೆ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ತಲೆ ಕೆಳಗ ಹಾಕಿದರು, ನಾನು ನೋಡಿದೆ.

ಜೈ ಭೀಮ್.